ಮೂಗಿಗೇರಿದ ಸಾಸಿವೆ

ನಮ್ಮ ಕನ್ನಡ ಬಳಗದ ಪತ್ರಿಕೆಯ ಯುಗಾದಿ ಸಂಚಿಕೆ ನಾಳೆ ಬೆಳಿಗ್ಗೆ ಹೋಗಬೇಕು, ಈಗ ರಾತ್ರಿ ಹನ್ನೊಂದೂವರೆ. ಯುಗಾದಿ ಅಂದರೆ ಬೇವು-ಬೆಲ್ಲ ಬಿಟ್ಟು ಬೇರೇನಾದರೂ ಬರೆಯಿರಿ ಅಂತ ಕೆಲವರ ದೂರು. ಹಾಗಾಗಿ ಈ ಸಲ ಸಾಸಿವೆ.

ಇಲ್ಲಿ ಅಮೆರಿಕದಲ್ಲಿ, ನಮ್ಮ ಬ್ಲೂ ರಿಡ್ಜ್ ಬೆಟ್ಟದ ಕಲ್ಲುಬಂಡೆಗಳ ಕಾಡಿನಲ್ಲಿ ಈಗ ಟೂತ್‌ವರ್ಟ್ ಅರಳಿದೆ. ಗೇಣುದ್ದದ ಗಿಡ, ಸೀಳು ಸೀಳಾದ ಎಲೆ, ನಾಲ್ಕೇ ಎಸಳಿನ ಬಿಳಿ ಹೂವು. ಸಾಸಿವೆ ಕುಟುಂಬದ್ದೇ. ಮರಗಳು ಚಿಗುರಿ ನೆರಳು ಕವಿಯುವ ಮೊದಲೇ ಹೂ ಬಿಟ್ಟು, ಕಾಯಿ ಕಟ್ಟಿ, ಬೇಸಿಗೆ ಹೊತ್ತಿಗೆ ನೆಲದ ಮೇಲೆ ಏನೂ ಉಳಿಸದೆ ಗೆಡ್ಡೆಯಾಗಿ ಮಲಗಿಬಿಡುತ್ತದೆ. ಮೊನ್ನೆ ಗೆಳೆಯರ ಹಿತ್ತಿಲಲ್ಲಿ ಮಗಳು ಒಂದೆಲೆ ಅಗಿದು, "ಅಪ್ಪಾ, ಅಜ್ಜಿ ಮಾಡೋ ಸಾಸಿವೆ ಥರಾನೇ ಮೂಗಿಗೆ ಹೊಡೀತದೆ!" ಅಂದಳು. (ನ್ಯಾಷನಲ್ ಪಾರ್ಕಿನಲ್ಲಿ ಕೀಳುವ ಹಾಗಿಲ್ಲ, ನೆನಪಿರಲಿ.)

ಅನ್ನಕ್ಕೆ ಕಲಸಿಕೊಳ್ಳುವ ಮಾವಿನಹಣ್ಣಿನ ಸಾಸಿವೆ! ತೀರ್ಥಹಳ್ಳಿ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಗಾಳಿಮಳೆಗೆ ಉದುರಿದ ಕಾಡುಮಾವಿನ ಹಣ್ಣನ್ನು ನಾವು ಮಕ್ಕಳು ಆರಿಸಿ ತರುತ್ತಿದ್ದೆವು. ಅಮ್ಮ ಸಿಪ್ಪೆ ಸುಲಿದು, ಗೊರಟಿನ ಸಮೇತ ಕಿವುಚಿ, ಬೆಲ್ಲ ಹಾಕಿಟ್ಟು, ಒರಳಿನ ಮುಂದೆ ಕೂರುತ್ತಿದ್ದಳು. ತೆಂಗಿನಕಾಯಿ, ಒಣಮೆಣಸು ನುಣ್ಣಗಾದ ಮೇಲೆ ಕಡೆಗೆ ಹಸಿ ಸಾಸಿವೆ, ಅದೂ ನಾಲ್ಕು ಸುತ್ತು ಅಷ್ಟೇ. "ಜಾಸ್ತಿ ಅರೆದ್ರೆ ಕಹಿಯಾಗ್ತದೆ ಮಾರಾಯ, ಆಮೇಲೆ ನೀನೇ ತಿನ್ನು." ಇಡೀ ಕಾಳಿಗೆ ಘಾಟಿಲ್ಲ. ಕಾಳು ಒಡೆದು ನೀರು ಸೋಕಿದಾಗಲೇ ಒಳಗೆ ಬೇರೆ ಬೇರೆ ಇದ್ದ ಎರಡು ವಸ್ತು ಸೇರಿ ಘಾಟು ಹುಟ್ಟುವುದು. ಟೂತ್‌ವರ್ಟ್ ಎಲೆ ಹಲ್ಲಿಗೆ ಸಿಕ್ಕಾಗಲೂ ಅದೇ ಕತೆ. ಹುಳುಗಳನ್ನು ದೂರ ಇಡಲು ಗಿಡ ಮಾಡಿಕೊಂಡ ಉಪಾಯ. ನಮ್ಮಂಥವರು ಅದನ್ನೇ ಅನ್ನಕ್ಕೆ ಕಲಸಿ, ಕಣ್ಣೀರು ಒರೆಸಿಕೊಂಡು, ಇನ್ನೊಂದು ಸೌಟು ಕೇಳುತ್ತೇವೆ.

ವೆಸ್ಟ್ ವರ್ಜೀನಿಯಾ ವೈಟ್ ಅನ್ನುವ ಚಿಟ್ಟೆಯ ಮರಿಹುಳುಗಳಿಗೂ ಈ ಟೂತ್‌ವರ್ಟ್ ಗಿಡವೇ ಊಟ. ಆದರೆ ಯುರೋಪಿನಿಂದ ಬಂದು, 1868ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಮೊದಲು ದಾಖಲಾದ ಗಾರ್ಲಿಕ್ ಮಸ್ಟರ್ಡ್ ಅನ್ನುವ ಕಳೆ ಈಗ ಕಾಡಿಗೆಲ್ಲ ಹಬ್ಬಿದೆ. ಚಿಟ್ಟೆ ಅದರ ಮೇಲೂ ಮೊಟ್ಟೆ ಇಡುತ್ತದೆ, ಮರಿಗಳು ಸಾಯುತ್ತವೆ. ನಾವೂ ಹೊರಗಿನಿಂದ ಬಂದವರೇ ಬಿಡಿ, ಆದರೂ ಅದನ್ನು ಕೀಳಲೇಬೇಕು. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಬನ್ನಿ, ಗ್ಲೌಸ್ ನಿಮ್ಮದೇ.

ಇನ್ನು ಬೇಗ ಬೇಗ: ಯುಗಾದಿ ಊಟ ಶನಿವಾರ ಮಧ್ಯಾಹ್ನ, ಒಬ್ಬಟ್ಟಿನ ಲೆಕ್ಕಕ್ಕೆ ಗುರುವಾರದೊಳಗೆ ಹೆಸರು ಕೊಡಿ, ಹೆಸರು ಕೊಡದೆ ಆರು ಜನ ಬರಬೇಡಿ, ಕನ್ನಡ ತರಗತಿಗೆ ಆ ದಿನ ರಜೆ, ತರಕಾರಿ ಹೆಚ್ಚಲು ಶುಕ್ರವಾರ ಸಂಜೆ ಕೈ ಬೇಕು. ಪುಟ ಜೋಡಿಸುತ್ತಿದ್ದವರು ಶಿವಮೊಗ್ಗಕ್ಕೇ ವಾಪಸ್ ಹೊರಟಿದ್ದಾರೆ. ಮುಂದಿನ ಸಂಚಿಕೆ ನನ್ನೊಬ್ಬನಿಂದ ಆಗುವುದಿಲ್ಲ, ನಿಜವಾಗಿಯೂ. ಕನ್ನಡ ಟೈಪಿಂಗ್ ಬಾರದಿದ್ದರೆ ಕಲಿಸುತ್ತೇನೆ. ಶನಿವಾರ ಸಾರಿನ ಪಾತ್ರೆ ಹತ್ತಿರ ಇರುತ್ತೇನೆ, ಅಲ್ಲೇ ಬಂದು ಹೇಳಿ.