ಕಾವಲುಗಾರನಿಲ್ಲದ ಬಯಲು: ಸುಬ್ಬುವಿಗೊಂದು ಪತ್ರ

ಪ್ರಿಯ ಸುಬ್ಬು,

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಓಲ್ಡ್ ಕೋರ್ಸ್ ಎಂಬ ಹಳೆಯ ಮೈದಾನದಲ್ಲಿ ಗಾಲ್ಫ್ ಆಡಿ ಬಂದೆ. ಈ ವಾಕ್ಯಕ್ಕೆ ಮೊದಲು ಒಂದು ದೊಡ್ಡ ಪೀಠಿಕೆ ಇರಲಿ ಎಂದುಕೊಂಡಿದ್ದೆ. ಆದರೆ ನೀನು ಪೀಠಿಕೆಗಳನ್ನು ಓದುವವನಲ್ಲ. ಈ ಪತ್ರವನ್ನು ನಿನ್ನ ಬೆನ್ನ ಹಿಂದೆ ನಿಂತು ಇಣುಕಿ ಓದುತ್ತಿರುವ ಮಿಕ್ಕವರಿಗಂತೂ ನಾನು ಎಲ್ಲಿಗೆ ಹೋಗಿದ್ದೆನೆಂಬುದು ಫೋಟೋಗಳಿಂದ ಈಗಾಗಲೇ ತಿಳಿದಿದೆ. ಹೌದು, ಅಲ್ಲಿನ ಸ್ವಿಲ್ಕನ್ ಎಂಬ ಪುಟ್ಟ ಕಲ್ಲುಸೇತುವೆಯ ಮೇಲೆ ಕೈಯೆತ್ತಿ ನಿಂತಿರುವವನು ನಾನೇ. ಹೌದು, ಆ ಟೋಪಿ ಅದೇ ಟೋಪಿ. ಮೂರನೆಯ ಚಪ್ಪಲಿಯ ವಿಷಯವನ್ನು ಇಷ್ಟು ಜನರ ಎದುರಿಗೆ ಎತ್ತಬಾರದೆಂದು ನಮ್ಮಿಬ್ಬರಲ್ಲಿ ಒಪ್ಪಂದವಿರುವುದರಿಂದ ಅದನ್ನು ಎತ್ತುವುದಿಲ್ಲ.

ಅಲ್ಲಿ ಆಡಲು ಅವಕಾಶ ಸಿಗುವುದು ಬಹುಮಟ್ಟಿಗೆ ಚೀಟಿ ಎತ್ತುವುದರ ಮೇಲೆ ನಿಂತಿದೆ. ಜೊತೆಗಾರರಿರುವವರು ಎರಡು ದಿನ ಮುಂಚೆ ಹೆಸರು ಕೊಟ್ಟು ಕಾಯಬೇಕು. ನನ್ನ ಹಾಗೆ ಒಂಟಿಯಾಗಿ ಹೋದವರಿಗೆ ಬೇರೆಯದೇ ಚೀಟಿ. ಯಾವುದಾದರೂ ಗುಂಪಿನಲ್ಲಿ ಜಾಗ ಉಳಿದಿದ್ದರೆ ಅಲ್ಲಿ ಸೇರಿಸುತ್ತಾರೆ. ಹೆಸರು ಬಂದದ್ದು ತಿಳಿದಾಗ ನಾನು ಹೋಟೆಲಿನ ಕೋಣೆಯಲ್ಲಿ ಏನು ಮಾಡಿದೆನೆಂದು ಬರೆಯಲಾರೆ, ಆದರೆ ನೀನು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಿಮ್ಮ ಮನೆಯ ಜಗಲಿಯ ಮೇಲೆ ಮಾಡಿದ್ದನ್ನು ನೆನಪಿಸಿಕೊ.

ಟಿ.ವಿ.ಯಲ್ಲಿ ಆ ಮೈದಾನ ಚಪ್ಪಟೆಯಾಗಿ ಕಾಣುತ್ತದೆ. ಅಲ್ಲಿಗೆ ಹೋಗಿ ನಿಂತರೆ ಒಂದು ಮಾರು ಸಮತಟ್ಟಾದ ನೆಲ ಸಿಗುವುದು ಕಷ್ಟ. ಊರಿಗೂ ಕಡಲಿಗೂ ನಡುವೆ ಗಾಳಿ ತಂದು ಪೇರಿಸಿದ ಮರಳಿನ ಉಬ್ಬುತಗ್ಗುಗಳು, ಅವುಗಳ ಮೇಲೆ ಒತ್ತಾಗಿ ಹಬ್ಬಿದ ಸಣ್ಣ ಎಲೆಯ ಹುಲ್ಲು, ಅಂಚಿನಲ್ಲಿ ಹಳದಿ ಹೂವಿನ ಮುಳ್ಳುಪೊದೆಗಳು. ಉತ್ತು ಬಿತ್ತಲು ಬಾರದ, ಕುರಿಗಳಿಗೂ ಮೊಲಗಳಿಗೂ ಮಾತ್ರ ಒದಗುವ ಇಂಥ ಕಡಲಂಚಿನ ನೆಲಕ್ಕೇ ಅವರು ಲಿಂಕ್ಸ್ ಎನ್ನುತ್ತಾರೆ. ಈ ಕೋರ್ಸನ್ನು ಯಾರೋ ಒಬ್ಬರು ಕುಳಿತು ನಕ್ಷೆ ಬರೆದು ಕಟ್ಟಲಿಲ್ಲ. ಗಾಳಿಗೆ ಹೆದರಿ ಕುರಿಗಳು ಮುದುಡಿ ಮಲಗಿದ ತಗ್ಗುಗಳೇ ಮುಂದೆ ಚೆಂಡು ಸಿಕ್ಕಿಬೀಳುವ ಮರಳುಗುಂಡಿಗಳು, ಅಂದರೆ ಬಂಕರುಗಳಾದವೆಂದು ಹೇಳುತ್ತಾರೆ. 112 ಬಂಕರುಗಳ ಪೈಕಿ ಕೆಲವನ್ನು ಒಳಗಿನಿಂದ ನೋಡಿ ಬಂದವನಾಗಿ ನಾನು ಆ ಮಾತನ್ನು ನಂಬುತ್ತೇನೆ, ಏಕೆಂದರೆ ಅಲ್ಲಿ ನಿಂತಾಗ ಗಾಳಿ ನಿಜಕ್ಕೂ ತಾಗುವುದಿಲ್ಲ.

ಆಟ ಊರಿನ ಬಾಗಿಲಲ್ಲಿ ಶುರುವಾಗಿ ಈಡನ್ ನದಿಯ ಅಳಿವೆಯ ದಿಕ್ಕಿಗೆ ಹೋಗಿ, ಅದೇ ಕಿರಿದಾದ ಪಟ್ಟಿಯಲ್ಲಿ ಹಿಂತಿರುಗಿ ಊರಿನೊಳಗೇ ಮುಗಿಯುತ್ತದೆ. ಹೋಗುವವರೂ ಬರುವವರೂ ಏಳು ಗ್ರೀನ್‌ಗಳನ್ನು ಹಂಚಿಕೊಳ್ಳುತ್ತಾರೆ. ಗ್ರೀನ್ ಎಂದರೆ ಚೆಂಡು ಬೀಳಿಸುವ ಕುಳಿಯ ಸುತ್ತಲಿನ ನುಣುಪು ಹುಲ್ಲು; ಹೋಲ್ ಎಂದರೆ ಆ ಕುಳಿಯವರೆಗಿನ ಒಂದು ಹಂತದ ಆಟ. ಎರಡನೆಯ ಹೋಲ್ 16ನೆಯದರೊಂದಿಗೆ, ಮೂರನೆಯದು 15ನೆಯದರೊಂದಿಗೆ, ಹೀಗೆ ಯಾವ ಜೋಡಿಯನ್ನು ಕೂಡಿಸಿದರೂ 18 ಬರುತ್ತದೆ. ಆ 18 ಎಂಬ ಲೆಕ್ಕ ಹುಟ್ಟಿದ್ದೂ ಇಲ್ಲಿಯೇ. 1764ರವರೆಗೆ ಒಂದು ಸುತ್ತಿಗೆ 22 ಹೋಲ್‌ಗಳಿದ್ದವು. ಮೊದಲಿನ ನಾಲ್ಕು ತೀರ ಗಿಡ್ಡ ಎನಿಸಿದ್ದರಿಂದ ಅವುಗಳನ್ನು ಎರಡಾಗಿ ಮಾಡಿದರು, ಹೋಗುವಾಗ ಎರಡು, ಬರುವಾಗ ಎರಡು ಕಡಿಮೆಯಾಗಿ 18 ಉಳಿಯಿತು, ಆಮೇಲೆ ಲೋಕವೆಲ್ಲ ಅದನ್ನೇ ಶಾಸ್ತ್ರವೆಂದು ಹಿಡಿದುಕೊಂಡಿತು. ನಮ್ಮ ಮಠದ ಲೆಕ್ಕದ ಮೇಷ್ಟ್ರಿಗೆ ಇದನ್ನು ಹೇಳಬೇಕಿತ್ತು.

ನಾನು ಬರೆಯಬೇಕೆಂದುಕೊಂಡಿದ್ದದ್ದು ಇಂಥ ಸಂಗತಿಗಳನ್ನೇ. ಆದರೆ ಮೊದಲ ಟೀಯಲ್ಲಿ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ನಡೆದದ್ದೊಂದು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆ ಟೀ ಇರುವುದು ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬಿನ ಕಲ್ಲಿನ ಕಟ್ಟಡದ ಎದುರಿಗೆ. 1754ರಲ್ಲಿ ಹುಟ್ಟಿದ, 2014ರವರೆಗೆ ಹೆಂಗಸರನ್ನು ಸದಸ್ಯರನ್ನಾಗಿ ತೆಗೆದುಕೊಳ್ಳದ ಸಂಸ್ಥೆ ಅದು. ಬದಿಯಲ್ಲಿ ಐಸ್‌ಕ್ರೀಮ್ ಹಿಡಿದುಕೊಂಡು ನಿಂತ ಅಪರಿಚಿತರು ನಿನ್ನ ಹೊಡೆತಕ್ಕಾಗಿ ಕಾಯುತ್ತಿರುತ್ತಾರೆ. ಮುಂದೆ ನೂರು ಗಜಕ್ಕೂ ಮಿಕ್ಕಿದ ಅಗಲದ ಹುಲ್ಲು. ಆ ಹುಲ್ಲನ್ನು ಅಡ್ಡಲಾಗಿ ಸೀಳಿಕೊಂಡು ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಎಂಬ ಊರಿನ ರಸ್ತೆಯೊಂದು ಕಡಲ ಕಡೆಗೆ ಹೋಗುತ್ತದೆ. ನಾನು ಉಸಿರು ಬಿಗಿಹಿಡಿದು ಚೆಂಡಿನ ಮುಂದೆ ನಿಂತಿದ್ದಾಗ ಆ ರಸ್ತೆಯಲ್ಲಿ ಒಬ್ಬ ಹೆಂಗಸು ಮಗುವಿನ ಗಾಡಿಯನ್ನು ತಳ್ಳಿಕೊಂಡು, ಜೊತೆಗೊಂದು ನಾಯಿಯನ್ನು ಕರೆದುಕೊಂಡು, ಯಾವ ಆತುರವೂ ಇಲ್ಲದೆ ದಾಟತೊಡಗಿದಳು. ಅವಳು ದಾಟುವವರೆಗೆ ತಡೆಯಬೇಕೆಂದು ಅಲ್ಲಿನ ಸಿಬ್ಬಂದಿ ನನಗೆ ಕೈ ತೋರಿಸಿದರು. ಆ ಹೊತ್ತಿನಲ್ಲಿ, ಸುಬ್ಬು, ನನ್ನ ಕಣ್ಣು ತಾನಾಗಿಯೇ ಕಾವಲುಗಾರನನ್ನು ಹುಡುಕಿತು. ಇವಳನ್ನು ಒಳಗೆ ಬಿಟ್ಟವರು ಯಾರು ಎಂದು ನನ್ನ ಮನಸ್ಸು ಕೇಳಿತು. ಸಾವಿರಾರು ಮೈಲಿ ದೂರದಿಂದ ಬಂದು, ಚೀಟಿಯಲ್ಲಿ ಹೆಸರು ಬಂದದ್ದಕ್ಕೆ ಅಲ್ಲಿ ನಿಂತಿದ್ದ ನಾನು, ತನ್ನೂರಿನ ರಸ್ತೆಯಲ್ಲಿ ನಡೆದು ಹೋಗುತ್ತಿದ್ದವಳನ್ನು ಕುರಿತು ಹಾಗೆ ಕೇಳಿದೆ.

ಆ ಬಯಲಿನ ಮೇಲೆ ಅವಳಂಥ ಊರವರ ಹಕ್ಕು ಎಷ್ಟು ಹಳೆಯದೆಂದು ಹೇಳುತ್ತೇನೆ, ಕೇಳು. ಬಿಲ್ಲುವಿದ್ಯೆಯ ಅಭ್ಯಾಸಕ್ಕೆ ಅಡ್ಡಿಯಾಗುತ್ತದೆಂದು ಸ್ಕಾಟ್ಲೆಂಡಿನ ಸಂಸತ್ತು 1457ರಲ್ಲಿ ಗಾಲ್ಫನ್ನೂ ಫುಟ್‌ಬಾಲನ್ನೂ ನಿಷೇಧಿಸಿತ್ತು. ಜನ ಆಡುತ್ತಲೇ ಇದ್ದರು. 1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಆ ಬಯಲಿನಲ್ಲಿ ಮೊಲ ಸಾಕಲು ಊರಿನ ಒಪ್ಪಿಗೆ ಪಡೆದಾಗ, ಅಲ್ಲಿ ಗಾಲ್ಫ್ ಆಡುವ, ಫುಟ್‌ಬಾಲ್ ಆಡುವ, ದನಕುರಿ ಮೇಯಿಸುವ ಊರವರ ಹಕ್ಕು ಹಾಗೆಯೇ ಉಳಿಯತಕ್ಕದ್ದೆಂದು ಪತ್ರ ಬರೆದುಕೊಟ್ಟ. ಅಂದರೆ ನಮ್ಮ ಲೆಕ್ಕದಲ್ಲಿ ಅದು ಊರಿನ ಗೋಮಾಳ. ಹದಿನೆಂಟನೆಯ ಶತಮಾನದ ಕೊನೆಗೆ ಪುರಸಭೆ ದಿವಾಳಿಯೆದ್ದು ಬಯಲು ಮೊಲದ ವ್ಯಾಪಾರಿಗಳ ಕೈಸೇರಿತು. ಗ್ರೀನ್‌ಗಳ ತುಂಬ ಬಿಲಗಳಾದವು, ಊರವರು ಮೊಲಗಳನ್ನು ಕೊಂದರು, ವ್ಯಾಜ್ಯ ಕೋರ್ಟಿನ ಮೆಟ್ಟಿಲೇರಿ ವರ್ಷಗಟ್ಟಲೆ ನಡೆಯಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ಅದನ್ನು ಕೊಂಡು ಆಟಕ್ಕಾಗಿ ಉಳಿಸಿದ. ಕೊನೆಗೆ 1894ರ ಕಾಯಿದೆಯ ಬಲದಿಂದ ಬಯಲು ಮತ್ತೆ ಊರಿನದಾಯಿತು. 1974ರ ಇನ್ನೊಂದು ಕಾಯಿದೆಯಿಂದಾಗಿ ಈಗ ಒಂದು ಟ್ರಸ್ಟು ಅದನ್ನು ಊರಿನ ಪರವಾಗಿ ನೋಡಿಕೊಳ್ಳುತ್ತದೆ. ಕ್ಲಬ್ಬುಗಳಿಗೆ ಪಕ್ಕದಲ್ಲಿ ಕಟ್ಟಡಗಳಿವೆ, ಆದರೆ ಕೋರ್ಸಿನ ಒಡೆತನವಿಲ್ಲ. ಭಾನುವಾರ ಮಾಮೂಲಾಗಿ ಓಲ್ಡ್ ಕೋರ್ಸಿನಲ್ಲಿ ಆಟವಿಲ್ಲ. ಅಂದು ಊರವರು ನಾಯಿಗಳೊಂದಿಗೆ, ಮಕ್ಕಳೊಂದಿಗೆ ಫೇರ್‌ವೇ ಎಂಬ ಆಟದ ಹುಲ್ಲುಪಟ್ಟಿಗಳ ಮೇಲೆ ಅಡ್ಡಾಡುತ್ತಾರೆ. ಜಗತ್ತಿನ ಗಾಲ್ಫ್ ಆಟಗಾರರು ಕನಸಿನಲ್ಲಿ ಕಾಣುವ 18ನೆಯ ಗ್ರೀನ್ ಪಕ್ಕದಲ್ಲಿ ಒಬ್ಬ ಅಜ್ಜ ಭಾನುವಾರದ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದುದನ್ನು ನಾನೇ ನೋಡಿದೆ.

ಈ ಆಟ ಬ್ರಿಟಿಷರೊಂದಿಗೆ ನಮ್ಮಲ್ಲಿಗೂ ಬಂತು: 1829ರಲ್ಲಿ ಕಲ್ಕತ್ತೆಗೆ, 1876ರಲ್ಲಿ ಬೆಂಗಳೂರಿಗೆ. ಬರುವಾಗ ಅವರು ಕ್ಲಬ್ಬನ್ನು ಹಡಗಿಗೆ ಹತ್ತಿಸಿಕೊಂಡರು, ಗೋಮಾಳವನ್ನು ಅಲ್ಲಿಯೇ ಬಿಟ್ಟು ಬಂದರು.

ನಮ್ಮ ಗುಂಪಿನಲ್ಲಿ ಅದೇ ಊರಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದ ಹಿರಿಯರೊಬ್ಬರಿದ್ದರು. ನಾನು ಒಂದು ಸುತ್ತಿಗೆ ಮುನ್ನೂರು ಪೌಂಡಿಗೂ ಹೆಚ್ಚು ತೆತ್ತಿದ್ದೆ. ಊರವರಾದ ಅವರಿಗೆ ಕೆಲವೇ ನೂರು ಪೌಂಡುಗಳ ವಾರ್ಷಿಕ ಟಿಕೆಟ್ಟಿನಲ್ಲಿ ವರ್ಷವಿಡೀ ಆಟ. ನನಗೆ ತೀರ್ಥಯಾತ್ರೆಯಾಗಿದ್ದದ್ದು ಅವರಿಗೆ ತರಕಾರಿ ತರಲು ಹೊರಟ ದಾರಿಯಲ್ಲಿ ಮುಗಿಸಿಕೊಳ್ಳುವ ಕೆಲಸ. 14ನೆಯ ಹೋಲಿನ ಹೆಲ್ ಬಂಕರಿನ ಬಳಿ, 1995ರ ಓಪನ್ ಎಂಬ ದೊಡ್ಡ ಪಂದ್ಯಾವಳಿಯಲ್ಲಿ ಜ್ಯಾಕ್ ನಿಕ್ಲಾಸ್‌ನಂಥ ಮಹಾ ಆಟಗಾರನು ಅದರಿಂದ ಹೊರಬರಲು ನಾಲ್ಕು ಹೊಡೆತ ತೆಗೆದುಕೊಂಡು ಆ ಹೋಲನ್ನು 10 ಹೊಡೆತಕ್ಕೆ ಮುಗಿಸಿದ್ದನ್ನು ಅವರು ಪಕ್ಕದ ಮನೆಯ ಹುಡುಗನ ಸುದ್ದಿಯೆಂಬಂತೆ ಹೇಳಿದರು. ಬಳಿಕ ಅದೇ ದನಿಯಲ್ಲಿ, ನಿಮ್ಮೂರಿನಲ್ಲಿ ಆಡುವ ಬಯಲು ಯಾರದು ಎಂದು ಕೇಳಿದರು. ಕ್ಲಬ್ಬಿನದು ಎಂದೆ. ಹಾಗಾದರೆ ಊರವರು ಎಲ್ಲಿ ಆಡುತ್ತಾರೆ ಎಂದರು. ನಾನು ಗಾಳಿಯ ದಿಕ್ಕಿನ ಬಗ್ಗೆ ಮಾತು ತೆಗೆದೆ.

ಊರವರು ಎಲ್ಲಿ ಆಡುತ್ತಾರೆಂದು ನಿನಗೂ ನನಗೂ ಗೊತ್ತು. ಗೋಡೆಯ ಹೊರಗೆ ನಿಂತು, ಆಚೆಗೆ ಬಿದ್ದ ಚೆಂಡುಗಳನ್ನು ಹೆಕ್ಕಿ, ತೊಳೆದು, ಒಳಗಿನವರಿಗೇ ಮತ್ತೆ ಮಾರುತ್ತಿದ್ದ ಇಬ್ಬರು ಹುಡುಗರ ವ್ಯಾಪಾರದಲ್ಲಿ ನೀನು ಯಾವಾಗಲೂ ಲೆಕ್ಕ ತಪ್ಪಿಸುತ್ತಿದ್ದೆ. ಆ ಕ್ಲಬ್ಬು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ನಾನು ಈಗ ಅದರ ಸದಸ್ಯ. ಈ ಆಟದಲ್ಲಿ ನನಗೇನು ಇಷ್ಟವೆಂದು ಯಾರಾದರೂ ಕೇಳಿದರೆ ಹಸಿರು, ಮೌನ, ಬೆಳಗಿನ ಹಕ್ಕಿಗಳು ಎಂದು ಹೇಳುತ್ತ ಬಂದಿದ್ದೇನೆ, ಅದು ಸುಳ್ಳೂ ಅಲ್ಲ. ಆದರೆ ನನಗೆ ನಿಜವಾಗಿ ಇಷ್ಟವಾಗುವುದು ಗೇಟಿನ ಬಳಿ ಕಾರು ನಿಧಾನವಾಗುವ ಆ ಒಂದು ಗಳಿಗೆ. ಕಾವಲುಗಾರ ಒಳಗೆ ಇಣುಕಿ, ಗುರುತು ಹಿಡಿದು, ಸಲಾಮು ಹೊಡೆದು, ಅಡ್ಡಗಂಬವನ್ನು ಮೇಲೆತ್ತುವ ಗಳಿಗೆ. ಆಡುವ ಮನಸ್ಸಿಲ್ಲದ ದಿನಗಳಲ್ಲಿಯೂ ನಾನು ಅಲ್ಲಿಗೆ ಹೋಗುತ್ತೇನೆ, ಒಂದು ಕಾಫಿ ಕುಡಿದು ಬರುತ್ತೇನೆ. ಆ ಕಾಫಿ ಚೆನ್ನಾಗಿಲ್ಲ. ಓಲ್ಡ್ ಕೋರ್ಸಿನಲ್ಲಿ ಅಡ್ಡಗಂಬವೇ ಇರಲಿಲ್ಲ. ಆ ಸಲಾಮಿಲ್ಲದೆ, ಬರೀ ಆಟದೊಂದಿಗೆ ಒಂಟಿಯಾಗಿ ಉಳಿದಾಗ, ಈ ಆಟ ನನಗೆ ಎಷ್ಟರಮಟ್ಟಿಗೆ ಬೇಕಾಗಿದೆಯೆಂಬ ಸಂದೇಹ ಮೊದಲ ಸಲ ಬಂತು.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ, ಕೈ ನಿಲ್ಲುತ್ತಿಲ್ಲ. ನಿನ್ನನ್ನು ಸದಸ್ಯನನ್ನಾಗಿ ಮಾಡಲು ಸಹಿ ಹಾಕಬಲ್ಲವರಲ್ಲಿ ನಾನೂ ಒಬ್ಬನೆಂಬುದು ನಿನಗೆ ತಿಳಿದಿತ್ತು. ನೀನು ಎಂದೂ ಕೇಳಲಿಲ್ಲ, ನಾನೂ ಎಂದೂ ಆ ಮಾತೆತ್ತಲಿಲ್ಲ. ನಿನಗೆ ಅದರಲ್ಲಿ ಆಸಕ್ತಿಯಿಲ್ಲವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಗೋಡೆಯ ಹೊರಗೆ ನನ್ನ ಜೊತೆ ನಿಂತಿದ್ದ ಒಬ್ಬನಾದರೂ ಹೊರಗೇ ಇದ್ದರಲ್ಲವೇ, ನಾನು ಒಳಗೆ ಬಂದದ್ದಕ್ಕೆ ಒಂದು ಸಾಕ್ಷಿ ಇರುವುದು? ಇದನ್ನು ನಿನಗೆ ಎದುರಿಗೆ ಕುಳಿತು ಹೇಳಲು ಧೈರ್ಯವಿಲ್ಲದೆ ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ; ಇಷ್ಟು ಜನರಿದ್ದಾರೆಂಬ ಕಾರಣಕ್ಕಾದರೂ ನೀನು ಸ್ವಲ್ಪ ಮರ್ಯಾದೆಯಿಂದ ಬೈಯಬಹುದೆಂಬ ದೂರಾಲೋಚನೆ.

ಅಷ್ಟೆಲ್ಲ ಗಂಭೀರವಾಗಿ ಓದಬೇಡ. ಕಡಲ ಗಾಳಿ ತಲೆಗೆ ಹೊಡೆದಿರಬಹುದು. ನಿನಗೆ ಬೇಕಾದ ಸುದ್ದಿಗೆ ಬರುತ್ತೇನೆ. 17ನೆಯ ಹೋಲಿನಲ್ಲಿ ಚೆಂಡನ್ನು ಹೋಟೆಲಿನ ಅಂಗಳದ ಶೆಡ್ಡಿನ ಮೇಲಿಂದ ಹಾರಿಸಬೇಕು. ನಾನು ಹೋಟೆಲಿಗೇ ಹೊಡೆದೆ. ಹೋಟೆಲ್ ಇನ್ನೂ ನಿಂತಿದೆ. ಆಮೇಲೆ ಅದೇ ಹೋಲಿನ ರೋಡ್ ಹೋಲ್ ಬಂಕರಿಗೆ ಹೋದೆ. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಾಕಾಜಿಮಾ ಗ್ರೀನ್ ಮೇಲಿನಿಂದ ಪಟ್ ಮಾಡಿದ, ಅಂದರೆ ಕುಳಿಯ ಕಡೆಗೆ ಮೆಲ್ಲಗೆ ಉರುಳಿಸಿದ, ಚೆಂಡು ಅದರೊಳಗೆ ಉರುಳಿ, ಅವನು ಆ ಹೋಲಿಗೆ 9 ಹೊಡೆತ ತೆಗೆದುಕೊಂಡನಂತೆ. ನನ್ನ ಅಂಕಿಯನ್ನು ಬರೆಯುವುದಿಲ್ಲ; ಅವನ ಸಾಧನೆ ಮಸುಕಾಗಬಾರದು.

ಮರುದಿನ ಹಿಮಾಲಯಕ್ಕೂ ಹೋದೆ. ಕಡಲ ಬದಿಯಲ್ಲಿರುವ ಗುಡ್ಡಗುಡ್ಡವಾದ ಪಟಿಂಗ್ ಬಯಲಿಗೆ ಅಲ್ಲಿಯವರು ಇಟ್ಟಿರುವ ಹೆಸರು ಅದು. ಭುಜಕ್ಕಿಂತ ಮೇಲೆ ಕೋಲೆತ್ತುವುದು ಹೆಂಗಸರಿಗೆ ಶೋಭಿಸದೆಂದು ಭಾವಿಸುತ್ತಿದ್ದ ಕಾಲದಲ್ಲಿ, 1867ರಲ್ಲಿ, ಊರಿನ ಹೆಂಗಸರಿಗಾಗಿ ಹುಟ್ಟಿದ ಕ್ಲಬ್ಬಿನದು. ಈಗ ಕೆಲವು ಪೌಂಡ್ ಕೊಟ್ಟರೆ ಯಾರು ಬೇಕಾದರೂ ಆಡಬಹುದು. ನನ್ನ ಹಿಂದೆ ಆಡುತ್ತಿದ್ದ ಸುಮಾರು ಏಳು ವರ್ಷದ ಹುಡುಗಿಯೊಬ್ಬಳು ಕಾಯ್ದು ಕಾಯ್ದು ಬೇಸತ್ತು, ತಾನು ಮುಂದೆ ಹೋಗಬಹುದೇ ಎಂದು ಬಹಳ ವಿನಯದಿಂದ ಕೇಳಿದಳು. ಬಿಟ್ಟುಕೊಟ್ಟೆ. ಹಿಂದೂಸ್ಥಾನದವನು ಹಿಮಾಲಯದಲ್ಲಿ ಸೋತದ್ದನ್ನು ನೀನು ಮೂರನೆಯ ಚಪ್ಪಲಿಯ ಪಕ್ಕದಲ್ಲಿ ದಾಖಲಿಸಿಕೊಳ್ಳಬಹುದು.

ಒಂದು ಉಪಕಾರ ಮಾಡು. ನಮ್ಮ ತಾಯಿ ನಿನ್ನನ್ನು ಕಂಡರೆ ಅಲ್ಲಿ ಆಡಲು ಎಷ್ಟು ಕೊಟ್ಟನೆಂದು ಖಂಡಿತ ಕೇಳುತ್ತಾರೆ. ಮುನ್ನೂರು ಚಿಲ್ಲರೆ ಎಂದು ಹೇಳು. ರೂಪಾಯಿಯೋ ಮತ್ತೊಂದೋ ಎಂದು ಅವರು ಕೇಳುವುದಿಲ್ಲ. ಮುನ್ನೂರಕ್ಕೇ ನಿನ್ನ ಎದುರಿಗೆ ನನ್ನನ್ನು ಅರ್ಧ ಗಂಟೆ ಬೈಯುತ್ತಾರೆ, ನೀನು ಕಾಫಿ ಕುಡಿಯುತ್ತ ಕೇಳಿಸಿಕೊ.

ಇತಿ ನಿನ್ನ,
ಲೆಕ್ಕ ತಪ್ಪಿಸದ ಪಾಲುದಾರ