ಡೌಟು ಯಾವ ಊರಿಂದು?

ಮೊನ್ನೆ ಭಾನುವಾರದ ಕನ್ನಡ ತರಗತಿಯಲ್ಲಿ ಅಪ್ಪ ಒಬ್ಬರು ಎದ್ದು ನಿಂತು "ಟೀಚರ್, ನನಗೊಂದು ಡೌಟು" ಅಂದರು. ಪಕ್ಕದಲ್ಲೇ ಕೂತಿದ್ದ ಮಗಳು, ಹತ್ತು ವರ್ಷ ಇರಬೇಕು, "ಅಪ್ಪಾ, ಅದು ಡೌಟ್ ಅಲ್ಲ, ಕ್ವೆಶ್ಚನ್" ಅಂತ ತಿದ್ದಿದಳು. ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ಆಮೇಲೆ ಚಹಾ ಕುಡಿಯುವಾಗ ನನ್ನ ಹತ್ತಿರ ಬಂದು, "ಇಷ್ಟು ವರ್ಷ ಆಫೀಸಲ್ಲೂ ಹಾಗೇ ಹೇಳ್ಕೊಂಡು ಬಂದಿದ್ದೀನಿ, ಏನಂದ್ಕೊಂಡಿದ್ದಾರೋ ಏನೋ" ಅಂತ ಮುಖ ಸಣ್ಣದು ಮಾಡಿಕೊಂಡರು.

ನಿಜ ಹೇಳಬೇಕು ಅಂದರೆ, ಸ್ವಲ್ಪ ತಪ್ಪಾಗಿಯೇ ತಿಳಿದುಕೊಂಡಿರುತ್ತಾರೆ. ಇಲ್ಲಿ ಬ್ರಿಟನ್ನಿನವರ ಕಿವಿಗೆ "ಐ ಹ್ಯಾವ್ ಎ ಡೌಟ್" ಅಂದರೆ "ನೀನು ಹೇಳಿದ್ದು ನನಗೆ ನಂಬಿಕೆ ಬರ್ತಿಲ್ಲ" ಅಂತ. ನಾವು ಪಾಪ, ಗೊತ್ತಿಲ್ಲದ್ದನ್ನ ಕೇಳೋಕೆ ಕೈ ಎತ್ತಿರುತ್ತೇವೆ. ಅವರು ಜಗಳಕ್ಕೆ ಬಂದ ಅಂದುಕೊಂಡು ಸೆಟೆದು ಕೂರುತ್ತಾರೆ.

ಆದರೆ ಆ ಅಪ್ಪ ತಪ್ಪು ಮಾಡಿದರು ಅಂತ ನಾನಂತೂ ಒಪ್ಪಲ್ಲ. ನಮ್ಮ ಮೇಷ್ಟ್ರುಗಳು ಪಾಠ ಮುಗಿಸಿ "ಏನಾದ್ರೂ ಸಂದೇಹ ಇದ್ರೆ ಕೇಳಿ" ಅಂತಿರಲಿಲ್ವಾ? ಆ ಸಂದೇಹವೇ ಇಂಗ್ಲಿಷ್ ಅಂಗಿ ಹಾಕಿಕೊಂಡು ಡೌಟ್ ಆಯಿತು. ಸ್ಪ್ಯಾನಿಷ್ ಮಾತಾಡುವವರೂ ಹಾಗೇ, ಪ್ರಶ್ನೆ ಇದ್ದರೆ "ನನಗೊಂದು ದೂದಾ ಇದೆ" ಅಂತಾರೆ. ಅದೂ ಡೌಟಿನ ಮನೆತನದ್ದೇ ಪದ. ಅಷ್ಟೇಕೆ, 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್ಲನ್ನೇ ನೋಡಿ. ಅದರಲ್ಲಿ ದಾನಿಯೇಲ ಅನ್ನೋ ಪ್ರವಾದಿಗೆ ಕನಸಿನ ಅರ್ಥ ಹೇಳೋದು, ಒಗಟು ಬಿಡಿಸೋದು, ಜೊತೆಗೆ ಡೌಟ್‌ಗಳನ್ನ ಕರಗಿಸೋದು ಬರುತ್ತಿತ್ತು ಅಂತ ಇದೆ. ಮೂಲ ಅರಮೇಯಿಕ್‌ನಲ್ಲಿ ಅದು ಗಂಟು ಬಿಚ್ಚುವ ಮಾತು. ಗಂಟು ಬಿಚ್ಚೋದು ಅಂದ್ರೆ ನಮ್ಮ ಟ್ಯೂಷನ್ನಿನ "ಡೌಟ್ ಕ್ಲಿಯರ್" ಅಲ್ದೆ ಇನ್ನೇನು!

ನನಗೆ ಈ ಪದದ ಮೇಲೆ ಆಸೆ ಹುಟ್ಟಿದ್ದು ಮಾತ್ರ ಒದ್ದೆ ಬಟ್ಟೆಯಿಂದ. ಸ್ಕಾಟ್ಲೆಂಡಿಗೆ ಬಂದ ಹೊಸತು. ಹಿತ್ತಲಲ್ಲಿ ಬೆಡ್‌ಶೀಟು ಒಣಹಾಕುತ್ತಿದ್ದೆ. ಪಕ್ಕದ ಮನೆ ಅಜ್ಜಿ ಬೇಲಿಯಾಚೆಯಿಂದ ಆಕಾಶ ನೋಡಿ "ಐ ಡೌಟ್ ಇಟ್ಸ್ ಗೋಯಿಂಗ್ ಟು ರೇನ್" ಅಂದರು. ಮಳೆ ಬರೋದು ಡೌಟು ಅಂತಿದ್ದಾರಲ್ಲ, ಒಳ್ಳೇದಾಯ್ತು ಅಂತ ದಿಂಬಿನ ಕವರು, ಟವೆಲು, ಇದ್ದಬದ್ದದ್ದೆಲ್ಲ ತಂದು ನೇತುಹಾಕಿದೆ. ಅಜ್ಜಿ ನನ್ನನ್ನ ವಿಚಿತ್ರವಾಗಿ ನೋಡಿ ಒಳಗೆ ಹೋದರು. ಅರ್ಧ ಗಂಟೆಯಲ್ಲಿ ಧೋ ಅಂತ ಸುರಿಯಿತು. ಸ್ಕಾಟ್ಲೆಂಡಿನವರ ಬಾಯಲ್ಲಿ ಆ ಮಾತಿಗೆ "ಮಳೆ ಬರೋ ಹಾಗಿದೆ ಕಣಮ್ಮಾ" ಅಂತ ಅರ್ಥ ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ. ಪೂರ್ತಿ ಉಲ್ಟಾ!

ಆದರೆ ಅಜ್ಜಿಯದೇ ಹಳೇ ಅರ್ಥ. ಈ ಪದ ಸುಮಾರು 800 ವರ್ಷದ ಹಿಂದೆ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಸಂಶಯದ ಜೊತೆ ಭಯವನ್ನೂ ಹೊತ್ತು ತಂದಿತ್ತು. ನಮ್ಮ ಶಂಕೆಯಲ್ಲೂ ಒಂಚೂರು ಅಳುಕು ಇದೆಯಲ್ಲ, ಹಾಗೆ. ಎದುರಾಳಿಗೆ ಹೆದರಿಕೆ ಹುಟ್ಟಿಸುವಂಥವನಿಗೆ ಇಂಗ್ಲಿಷಿನಲ್ಲಿ ಈಗಲೂ ರಿಡೌಟಬಲ್ ಅಂತಾರೆ. ಶೇಕ್ಸ್‌ಪಿಯರನ ಹ್ಯಾಮ್ಲೆಟ್, ಅಪ್ಪನ ದೆವ್ವ ಕಾಣಿಸಿಕೊಂಡ ಸುದ್ದಿ ಕೇಳಿ "ಐ ಡೌಟ್ ಸಮ್ ಫೌಲ್ ಪ್ಲೇ" ಅಂತಾನೆ. ಮೋಸ ನಡೆದಿಲ್ಲ ಅಂತಲ್ಲ, ನಡೆದಿದೆ ಅಂತ ಅವನ ಗುಮಾನಿ. ಆ ಹಳೇ ಬಳಕೆ ಬೇರೆ ಕಡೆ ಸವೆದುಹೋಯಿತು, ಸ್ಕಾಟ್ಲೆಂಡಿನಲ್ಲಿ ಉಳಿದುಕೊಂಡಿತು.

ಇನ್ನೂ ಮಜಾ ಏನು ಗೊತ್ತಾ? ನಮ್ಮ ಅನುಮಾನ ಎರಡೂ ಕಡೆ ವಾಲುತ್ತೆ. "ಅವನು ಬರೋದು ಅನುಮಾನ" ಅಂದ್ರೆ ಬರಲ್ಲ. "ಅವನೇ ಮಾಡಿದ್ದು ಅಂತ ನನಗೆ ಅನುಮಾನ" ಅಂದ್ರೆ ಮಾಡಿದ್ದಾನೆ! ದಿನಾ ಎರಡನ್ನೂ ಹೇಳ್ತೀವಿ, ಒಂದು ಸಲಾನೂ ತಡವರಿಸಲ್ಲ. ಇನ್ನು ತರ್ಕಶಾಸ್ತ್ರದವರ ಅನುಮಾನವೇ ಬೇರೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅಂತ ಖಚಿತವಾಗಿ ತಿಳಿಯೋದಕ್ಕೇ ಅವರು ಅನುಮಾನ ಅಂತಾರೆ. ಅಷ್ಟು ಗಟ್ಟಿ ಪದ ಕನ್ನಡದ ಮನೆಗಳಿಗೆ ಬಂದು ಗಂಡ ಹೆಂಡಿರ ಜಗಳಕ್ಕೆ ಬಿತ್ತು, ಏನು ಮಾಡೋದು.

ಸ್ಪೆಲಿಂಗ್‌ನ ಆ ಬಿ ಅಕ್ಷರದ ಕತೆ ಮಕ್ಕಳಿಗೆ ಹೇಳಿ, ಖುಷಿ ಪಡ್ತಾರೆ. ಮೊದಲು ಅದು ಇರಲೇ ಇಲ್ಲ. ಲ್ಯಾಟಿನ್ ಮೂಲದಲ್ಲಿ ಇದೆಯಲ್ಲ ಅಂತ ಪಂಡಿತರು ಆಮೇಲೆ ತುರುಕಿದರು. ಬರೆಯುವವರು ಒಪ್ಪಿಕೊಂಡರು, ನಾಲಿಗೆ ಒಪ್ಪಲಿಲ್ಲ. ಶೇಕ್ಸ್‌ಪಿಯರನ ಇನ್ನೊಂದು ನಾಟಕದಲ್ಲಿ ಒಬ್ಬ ಮೇಷ್ಟ್ರು, ಜನ ಆ ಬಿ ನುಂಗಿಬಿಡ್ತಾರೆ ಅಂತ ಗೊಣಗುತ್ತಾನೆ. ಆ ಲ್ಯಾಟಿನ್ ಪದದ ಬೇರು ಇರೋದು ಎರಡು ಅನ್ನೋದರಲ್ಲಿ. "ಅದರಲ್ಲಿ ಎರಡು ಮಾತಿಲ್ಲ" ಅಂತೀವಲ್ಲ ನಾವು, ಅದೇ ಲೆಕ್ಕ.

ಅಂದ ಹಾಗೆ, ರಾಜ್ಯೋತ್ಸವದ ಊಟಕ್ಕೆ ಬರ್ತೀರಾ ಅಂತ ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ ಹನ್ನೊಂದು ಮನೆಯವರು ಬರೀ "ಡೌಟು" ಅಂತ ಬರೆದಿದ್ದಾರೆ. ಇದು ನಮ್ಮೂರಿನ ಡೌಟೋ, ಪಕ್ಕದ ಮನೆ ಅಜ್ಜಿಯ ಡೌಟೋ, ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ. ಬಿಸಿಬೇಳೆ ಬಾತಿಗೆ ಎಷ್ಟು ಅಕ್ಕಿ ನೆನೆಹಾಕಬೇಕು ಅಂತ ಅಡುಗೆಯವರು ದಿನಾ ಫೋನ್ ಮಾಡ್ತಿದ್ದಾರೆ.