ಪಾತ್ರದ ಮನಸ್ಸು ವಿಭಕ್ತಿಯಲ್ಲೂ ಇದೆ

ಮಾನ್ಯರೇ,

ಪಿಯು, ಪದವಿ ಉತ್ತರಪತ್ರಿಕೆಗಳಲ್ಲಿ ‘ಪಾತ್ರಚಿತ್ರಣ’ ಎಂದರೆ ಗುಣವಾಚಕಗಳ ಪಟ್ಟಿ: ಸರಳ, ಮುಗ್ಧ, ತ್ಯಾಗಮಯಿ. ಗೈಡುಗಳು ಕಲಿಸುವುದೂ ಇಷ್ಟೇ. ಪಾತ್ರ ಅನುಭವಿಸಿದ್ದು ನಮಗೆ ಹೇಗೆ ತಲುಪಿತು ಎಂದು ತಿಳಿಯಲು ವಾಕ್ಯವನ್ನೇ ಬಿಚ್ಚಿ ನೋಡಬೇಕು. ವ್ಯಾಕರಣಕ್ಕೊಂದು ಪೀರಿಯಡ್, ಕಾದಂಬರಿಗೆ ಇನ್ನೊಂದು ಎಂದು ಹಂಚಿಟ್ಟರೆ ಅದಾಗದು.

‘ಅವಳು ಹೆದರಿದಳು’ ಎಂದಾಗ ಕರ್ತೃ ಅವಳು. ‘ಅವಳಿಗೆ ಹೆದರಿಕೆಯಾಯಿತು’ ಎಂದಾಗ ಹೆದರಿಕೆಯೇ ಕರ್ತೃವಿನ ಜಾಗದಲ್ಲಿ ಕೂರುತ್ತದೆ, ಕ್ರಿಯಾಪದ ನಪುಂಸಕಕ್ಕೆ ತಿರುಗುತ್ತದೆ, ಅವಳು ಚತುರ್ಥಿಗೆ, ಅಂದರೆ ‘-ಗೆ’ ಹತ್ತುವ ರೂಪಕ್ಕೆ ಸರಿಯುತ್ತಾಳೆ. ಹಸಿವು, ಚಳಿ, ನಾಚಿಕೆ, ನೆನಪು ಕನ್ನಡದಲ್ಲಿ ಹೆಚ್ಚಾಗಿ ಬರುವುದು ಹೀಗೆಯೇ. ಆದ್ದರಿಂದ ಚತುರ್ಥಿ ಕಂಡ ಕೂಡಲೇ ‘ಅಸಹಾಯಕ ಪಾತ್ರ’ ಎಂದು ಬರೆದರೆ ತಪ್ಪು. ಪ್ರಥಮೆಯಲ್ಲಿ (‘ಅವಳು’ ಎಂಬಂತೆ) ಓಡುತ್ತಿದ್ದ ಪುಟ ಎಲ್ಲಿ ಚತುರ್ಥಿಗೆ ಹೊರಳಿತು ಎಂಬ ತಿರುವನ್ನು ಗುರುತಿಸಬೇಕು.

ಅತಿ ಹೆಚ್ಚು ಎಡವುವುದು ‘ತಾನು’ ಎಂಬಲ್ಲಿ. ‘ಅವನು ಜಗಲಿಯಲ್ಲಿ ಕೂತ. ಕೊಳೆರೋಗ ಬಂದ ತೋಟ ತನ್ನ ಸಾಲ ತೀರಿಸೀತೆ?’ ಇಲ್ಲಿ ‘ಎಂದುಕೊಂಡ’ ಇಲ್ಲ, ಉದ್ಧರಣ ಚಿಹ್ನೆಯಿಲ್ಲ. ಆದರೂ ‘ತನ್ನ’ ಎಂಬ ಒಂದೇ ಪದ ನಮ್ಮನ್ನು ಅವನ ತಲೆಯೊಳಗೆ ಕೂರಿಸುತ್ತದೆ. ‘ಅವನ ಸಾಲ’ ಎಂದು ಬದಲಿಸಿ ಓದಿ: ಪ್ರಶ್ನೆ ನಿರೂಪಕನದಾಗಿಬಿಡುತ್ತದೆ. ಇಂಥ ಸಾಲನ್ನು ಲೇಖಕರ ಅಭಿಪ್ರಾಯವೆಂದು ವಿದ್ಯಾರ್ಥಿಗಳು ಉದ್ಧರಿಸುವುದು ಇದನ್ನು ಗಮನಿಸದೆ.

‘ದಣಪೆ ದಾಟಿ, ಹಳ್ಳ ಹಾದು, ಜಿಗಣೆ ಕಿತ್ತೊಗೆದು ಮನೆ ಸೇರಿದ’ ಎಂಬಲ್ಲಿ ಪೂರ್ಣಕ್ರಿಯಾಪದ ‘ಸೇರಿದ’ ಒಂದೇ. ಅಲ್ಲಿಯವರೆಗೆ ಓದುಗನಿಗೂ ನಿಲುಗಡೆಯಿಲ್ಲ. ನಾಲ್ಕು ವಾಕ್ಯ ಮಾಡಿದರೆ ಜಿಗಣೆಗೂ ತೂಕ ಬರುತ್ತದೆ. ಉದ್ದ ವಾಕ್ಯವೆಂದರೆ ಆತಂಕ ಎಂಬ ಸೂತ್ರ ಮಾತ್ರ ಬೇಡ: ‘ದಾಟುತ್ತ, ಹಾಯುತ್ತ’ ಎಂದರೆ ಅದೇ ಉದ್ದದಲ್ಲಿ ನಡಿಗೆ ನಿಧಾನವಾಗುತ್ತದೆ.

ತರಗತಿಯಲ್ಲಿ ಹತ್ತು–ಹನ್ನೆರಡು ವಾಕ್ಯಗಳ ಒಂದು ಪ್ಯಾರಾ ಸಾಕು. ಪೂರ್ಣಕ್ರಿಯಾಪದಗಳಿಗೆ ಗೆರೆ, ಪಾತ್ರವನ್ನು ಸೂಚಿಸುವ ಪ್ರತಿ ಪದಕ್ಕೂ ವಿಭಕ್ತಿ. ಆಮೇಲೆ ಒಂದೇ ವಾಕ್ಯ ಬದಲಿಸಿ, ಎರಡನ್ನೂ ಗಟ್ಟಿಯಾಗಿ ಓದಿಸಬೇಕು. ಒಟ್ಟಿಗೆ ಮೂರು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು.

ನಮ್ಮ ತಾಲ್ಲೂಕಿನಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ನಾಯಿ ಹುಲಿಯನಿಂದಲೇ ಶುರುಮಾಡಬಹುದು. ‘ಹುಲಿಯನ ಸ್ವಭಾವ ವಿವರಿಸಿ’ ಎನ್ನುವ ಬದಲು, ನಾಯಿಗೆ ಅನ್ನಿಸಿದ್ದನ್ನು ಹೇಳುವ ವಾಕ್ಯಗಳಾವುವು, ಹೊರಗಿನ ಚಲನೆಯನ್ನಷ್ಟೇ ಹೇಳುವವು ಯಾವುವು ಎಂದು ಐದು ಅಂಕಕ್ಕೆ ಕೇಳಲಿ. ಅದಕ್ಕೆ ಗೈಡಿನಲ್ಲಿ ಉತ್ತರ ಸಿಗುವುದಿಲ್ಲ.

— ಕೆಲವು ಕನ್ನಡ ಉಪನ್ಯಾಸಕರು, ತೀರ್ಥಹಳ್ಳಿ